ಕಾಗದ, ಪೆನ್ನು ಹಿಡಿದು ಬ್ಲಾಕ್‌ಚೈನ್ ಕಲಿಯುವುದು: ತಂತ್ರಜ್ಞರಲ್ಲದ ವೃತ್ತಿಪರರಿಗೊಂದು ಸಮಗ್ರ ಮಾರ್ಗದರ್ಶಿ

ಸಭೆಯಲ್ಲಿ ಯಾರಾದರೂ ‘ಇದನ್ನು ಬ್ಲಾಕ್‌ಚೈನ್‌ಗೆ ಹಾಕೋಣ’ ಎಂದೊಡನೆ ಅನುಭವಿ ಲೆಕ್ಕಪರಿಶೋಧಕರು, ವಕೀಲರು, ಖರೀದಿ ವಿಭಾಗದ ಹಿರಿಯರು ಮೌನವಾಗುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಬೇರೆ ವಿಷಯವಾದರೆ ಹತ್ತು ಪ್ರಶ್ನೆ ಕೇಳುವವರು ಇಲ್ಲಿ ಒಂದನ್ನೂ ಕೇಳುವುದಿಲ್ಲ. ಇದು ಕಂಪ್ಯೂಟರ್ ಓದಿದವರ ಕ್ಷೇತ್ರ, ನಮಗೆ ನಿಲುಕದು ಎಂಬ ಹಿಂಜರಿಕೆ ಅದು. ಆದರೆ ಬ್ಲಾಕ್‌ಚೈನ್ ಮೂಲತಃ ಒಂದು ಲೆಕ್ಕದ ಪುಸ್ತಕ. ಅದರಲ್ಲಿ ಯಾರು ಬರೆಯಬಹುದು, ಬರೆದದ್ದನ್ನು ಯಾರೂ ತಿದ್ದದಂತೆ ಕಾಯುವುದು ಹೇಗೆ, ತಕರಾರು ಬಂದಾಗ ಯಾರ ಪ್ರತಿ ಸರಿ ಎಂಬ ಪ್ರಶ್ನೆಗಳೇ ಅದರ ತಿರುಳು. ಇವು ನಿಮ್ಮ ವೃತ್ತಿಯಲ್ಲಿ ನೀವು ದಿನವೂ ಕೇಳುವ ಪ್ರಶ್ನೆಗಳು.

ನಾನು ಪ್ರೋಗ್ರಾಮ್ ಬರೆಯುವವನಲ್ಲ, ಲೆಕ್ಕಪತ್ರದ ಕೆಲಸದಿಂದ ಬಂದವನು. ಈ ವಿಷಯ ನನಗೆ ತಲೆಗೆ ಹತ್ತಿದ್ದು ವಿಡಿಯೊ ನೋಡಿದ್ದರಿಂದಲ್ಲ, ಕೈಯಾರೆ ಮಾಡಿ ನೋಡಿದ್ದರಿಂದ. ಹಾಗಾಗಿ ಇಲ್ಲಿರುವ ಪ್ರತಿ ಹೆಜ್ಜೆಯಲ್ಲೂ ಮಾಡಬೇಕಾದ ಕೆಲಸವೊಂದಿದೆ. ವಾರಕ್ಕೆ ಮೂರು ಗಂಟೆ ಕೊಟ್ಟರೆ ಒಂದೂವರೆ ತಿಂಗಳಲ್ಲಿ ಮುಗಿಸಬಹುದು.

ಆರಂಭಕ್ಕೆ ಮುನ್ನ ಒಂದು ಷರತ್ತು. ಎಲ್ಲ ಹೆಜ್ಜೆಗಳೂ ಮುಗಿಯುವವರೆಗೆ ಬಿಟ್‌ಕಾಯಿನ್‌ನಂಥ ಡಿಜಿಟಲ್ ನಾಣ್ಯ ಒಂದನ್ನೂ ಕೊಳ್ಳಬೇಡಿ. ಹಣ ಹಾಕಿದ ಗಳಿಗೆಯಿಂದ ಕಣ್ಣು ಬೆಲೆಯ ಮೇಲೆ ನೆಡುತ್ತದೆ, ಕಲಿಕೆ ಅಲ್ಲಿಗೇ ನಿಲ್ಲುತ್ತದೆ. ಒಂದು ನೋಟ್‌ಬುಕ್ ತೆಗೆದುಕೊಂಡು ಮೊದಲ ಪುಟದಲ್ಲಿ ಈ ಪ್ರಶ್ನೆಯನ್ನು ದೊಡ್ಡದಾಗಿ ಬರೆದುಕೊಳ್ಳಿ: ‘ಇಲ್ಲಿ ನಾನು ಯಾರನ್ನು ನಂಬುತ್ತಿದ್ದೇನೆ?’ ಈ ಮಾರ್ಗದರ್ಶಿಯುದ್ದಕ್ಕೂ ನಿಮ್ಮ ಕೈಯಲ್ಲಿರಬೇಕಾದ ದೀಪ ಅದು.

ಹೆಜ್ಜೆ 1: ಸಮಸ್ಯೆ ಏನಿತ್ತು ಎಂದು ತಿಳಿಯಿರಿ

ನಿಮ್ಮ ಬಳಿಯ ಒಂದು ಫೋಟೊವನ್ನು ಸ್ನೇಹಿತರಿಗೆ ಕಳುಹಿಸಿದರೆ ಅದು ಅವರ ಬಳಿಯೂ ಇರುತ್ತದೆ, ನಿಮ್ಮ ಬಳಿಯೂ ಉಳಿಯುತ್ತದೆ. ಫೋಟೊಗೆ ಇದು ಅನುಕೂಲ, ಹಣಕ್ಕೆ ಅನಾಹುತ. ಡಿಜಿಟಲ್ ಹಣ ಒಂದು ಕಡತವಷ್ಟೇ ಆಗಿದ್ದರೆ ಅದೇ ಹಣವನ್ನು ಇಬ್ಬರಿಗೆ, ನೂರು ಜನರಿಗೆ ಕೊಡಬಹುದು. ಒಂದೇ ಹಣವನ್ನು ಎರಡು ಸಲ ಖರ್ಚು ಮಾಡುವ ಈ ತೊಡಕಿಗೆ ಇದ್ದ ಏಕೈಕ ಮದ್ದೆಂದರೆ ನಡುವೆ ಒಬ್ಬ ಲೆಕ್ಕಿಗನನ್ನು ಕೂರಿಸುವುದು. ಬ್ಯಾಂಕ್ ಮಾಡುವುದು ಅದನ್ನೇ. ಡೇವಿಡ್ ಚೌಮ್ ಕಟ್ಟಿದ ಡಿಜಿಕ್ಯಾಶ್ ಎಂಬ ಕಂಪನಿಯೂ ಗೌಪ್ಯ ಡಿಜಿಟಲ್ ಹಣವನ್ನು ರೂಪಿಸಿತ್ತು, ಆದರೆ ಅದಕ್ಕೂ ನಡುವೆ ಒಂದು ಸಂಸ್ಥೆ ಬೇಕಿತ್ತು. 1998ರಲ್ಲಿ ಕಂಪನಿ ದಿವಾಳಿಯಾದಾಗ ಅದರ ಹಣದ ವ್ಯವಸ್ಥೆಯೂ ನಿಂತಿತು.

2008ರ ಅಕ್ಟೋಬರ್ 31ರಂದು ಸತೋಷಿ ನಕಮೊಟೊ ಎಂಬ ಹೆಸರಿನಲ್ಲಿ ಒಂಬತ್ತು ಪುಟದ ಪ್ರಬಂಧವೊಂದು ಪ್ರಕಟವಾಯಿತು. ಆ ಹೆಸರಿನ ಹಿಂದಿರುವುದು ಒಬ್ಬರೋ ಹಲವರೋ ಎಂಬುದು ಇಂದಿಗೂ ಖಚಿತವಾಗಿಲ್ಲ. ನಡುವಿನ ಲೆಕ್ಕಿಗನಿಲ್ಲದೆ, ಪರಸ್ಪರ ಪರಿಚಯವೇ ಇಲ್ಲದವರು ಒಂದೇ ಲೆಕ್ಕದ ಪುಸ್ತಕವನ್ನು ಒಪ್ಪುವಂತೆ ಮಾಡುವುದು ಹೇಗೆ ಎಂದು ಅದು ತೋರಿಸಿಕೊಟ್ಟಿತು. ಬಿಟ್‌ಕಾಯಿನ್ ಹುಟ್ಟಿದ್ದು ಅಲ್ಲಿಂದ. ಈ ಹೆಜ್ಜೆಯ ಕೆಲಸ ಆ ಪ್ರಬಂಧವನ್ನು ಓದುವುದು. ಅದು ಉಚಿತವಾಗಿ ಸಿಗುತ್ತದೆ. ಹನ್ನೆರಡು ಭಾಗಗಳಲ್ಲಿ ಮೊದಲ ಎರಡನ್ನೂ ಕೊನೆಯದನ್ನೂ ಓದಿ. ಗಣಿತ ತುಂಬಿರುವ ಹನ್ನೊಂದನೆಯ ಭಾಗವನ್ನು ಧೈರ್ಯವಾಗಿ ಬಿಡಿ. ಅರ್ಥವಾಗದ ಸಾಲುಗಳನ್ನು ನೋಟ್‌ಬುಕ್‌ನಲ್ಲಿ ಗುರುತು ಮಾಡಿಕೊಳ್ಳಿ, ಐದನೆಯ ಹೆಜ್ಜೆಯ ನಂತರ ಮತ್ತೆ ಓದಿದಾಗ ಅವುಗಳಲ್ಲಿ ಬಹುಪಾಲು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಹೆಜ್ಜೆ 2: ಕಾಗದದ ಮೇಲೆ ಒಂದು ಬ್ಲಾಕ್‌ಚೈನ್ ಕಟ್ಟಿ

ಇಡೀ ಮಾರ್ಗದರ್ಶಿಯಲ್ಲಿ ನೀವು ಬಿಡಲೇಬಾರದ ಹೆಜ್ಜೆ ಇದು. ಒಂದು ಗಂಟೆ ಸಾಕು. ಮೂರು ನಾಲ್ಕು ಜನ ಸೇರಿದರೆ ಒಳ್ಳೆಯದು, ಒಬ್ಬರೇ ಆದರೂ ನಡೆಯುತ್ತದೆ.

ಪ್ರತಿಯೊಬ್ಬರೂ ಒಂದೊಂದು ಹಾಳೆ ತೆಗೆದುಕೊಳ್ಳಿ. ಯಾರಾದರೂ ‘ನಾನು ಇಂಥವರಿಗೆ 40 ಕೊಟ್ಟೆ’ ಎಂದು ಗಟ್ಟಿಯಾಗಿ ಹೇಳಬೇಕು, ಎಲ್ಲರೂ ತಮ್ಮ ತಮ್ಮ ಹಾಳೆಯಲ್ಲಿ ಬರೆದುಕೊಳ್ಳಬೇಕು. ಮೊದಲ ಪುಟದಲ್ಲಿ 40, 25 ಮತ್ತು 110ರ ಮೂರು ವಹಿವಾಟುಗಳಾದವು ಎಂದಿಟ್ಟುಕೊಳ್ಳಿ. ಪುಟ ತುಂಬಿದ ಮೇಲೆ ಅದಕ್ಕೊಂದು ತಾಳೆ ಸಂಖ್ಯೆ ಹಾಕಿ. ಅದರ ವಿಧಾನ ಸರಳ: ಪುಟದ ಮೊತ್ತಗಳನ್ನೆಲ್ಲ ಕೂಡಿ 97ರಿಂದ ಭಾಗಿಸಿ, ಉಳಿದ ಶೇಷವೇ ತಾಳೆ ಸಂಖ್ಯೆ. ಇಲ್ಲಿ ಮೊತ್ತ 175, ಶೇಷ 78. ಪುಟದ ಕೆಳಗೆ 78 ಎಂದು ಬರೆಯಿರಿ.

ಈಗ ಎರಡನೆಯ ಪುಟ. ಅದರ ಮೊದಲ ಸಾಲಿನಲ್ಲಿ ಹಿಂದಿನ ಪುಟದ 78 ಅನ್ನೇ ಬರೆಯಬೇಕು. ನಂತರ 60 ಮತ್ತು 35ರ ವಹಿವಾಟುಗಳು. 78 ಕೂಡ ಸೇರಿ ಮೊತ್ತ 173, ಶೇಷ 76. ಮೂರನೆಯ ಪುಟ 76ರಿಂದ ಆರಂಭವಾಗುತ್ತದೆ. ಹೀಗೆ ಪ್ರತಿ ಪುಟವೂ ತನ್ನ ಹಿಂದಿನ ಪುಟದ ಗುರುತನ್ನು ಹೊತ್ತು ಸಾಗುತ್ತದೆ. ಪುಟವೇ ಬ್ಲಾಕ್, ಈ ಕೊಂಡಿಯೇ ಚೈನ್.

ಇನ್ನು ಮೋಸ ಮಾಡಿ ನೋಡಿ. ಮೊದಲ ಪುಟದ 25 ಅನ್ನು ಸದ್ದಿಲ್ಲದೆ 52 ಮಾಡಿ. ಮೊತ್ತ 202 ಆಯಿತು, ತಾಳೆ ಸಂಖ್ಯೆ 78ರ ಬದಲು 8. ಎರಡನೆಯ ಪುಟ 8ರಿಂದ ಆರಂಭವಾಗಬೇಕಾಗುತ್ತದೆ, ಅದರ ತಾಳೆ ಸಂಖ್ಯೆ 76ರ ಬದಲು 6. ಮೂರನೆಯದನ್ನೂ ತಿದ್ದಬೇಕು. ನೂರು ಪುಟಗಳಿದ್ದರೆ ನೂರನ್ನೂ ತಿದ್ದಬೇಕು. ಅಷ್ಟೂ ಮಾಡಿದರೂ ಉಳಿದವರ ಹಾಳೆಗಳಲ್ಲಿ 78 ಮತ್ತು 76 ಹಾಗೇ ಇವೆ. ಹಳೆಯ ಪುಟದಲ್ಲಿ ಕೈಯಾಡಿಸಿದ್ದು ಕೊನೆಯ ಪುಟದ ಒಂದು ಸಂಖ್ಯೆಯಲ್ಲೇ ಸಿಕ್ಕಿಬೀಳುತ್ತದೆ. ‘ಬ್ಲಾಕ್‌ಚೈನ್ ತಿದ್ದಲಾಗದು’ ಎಂಬ ಮಾತಿನ ಅರ್ಥ ಇದು. ತಿದ್ದುವುದಕ್ಕೆ ಯಾವ ದೈವಿಕ ಅಡ್ಡಿಯೂ ಇಲ್ಲ, ತಿದ್ದಿದ್ದು ಎಲ್ಲರಿಗೂ ಕಾಣುತ್ತದೆ.

ಇಷ್ಟಕ್ಕೆ ನಿಲ್ಲಬೇಡಿ, ಜಾಣ ಕಳ್ಳನಂತೆ ಯೋಚಿಸಿ. ಮೊದಲ ಪುಟದ 40 ಅನ್ನು 30 ಮಾಡಿ, 110 ಅನ್ನು 120 ಮಾಡಿದರೆ ಮೊತ್ತ ಮತ್ತೆ 175. ತಾಳೆ ಸಂಖ್ಯೆ ಬದಲಾಗಲೇ ಇಲ್ಲ, ಮೋಸ ದಕ್ಕಿತು. ವಹಿವಾಟುಗಳ ಕ್ರಮ ಬದಲಿಸಿದರೂ ನಮ್ಮ ತಾಳೆ ಸಂಖ್ಯೆಗೆ ಗೊತ್ತಾಗುವುದಿಲ್ಲ. ಅಂದರೆ ನಮಗೆ ಇದಕ್ಕಿಂತ ಬಹಳ ಚುರುಕಾದ ತಾಳೆ ಬೇಕು. ಆ ಕೊರತೆಯನ್ನು ನೀವೇ ಕಂಡುಕೊಂಡಿದ್ದರೆ ಮುಂದಿನ ಹೆಜ್ಜೆ ಸಲೀಸು.

ಹೆಜ್ಜೆ 3: ಹ್ಯಾಶ್ ಎಂಬ ಬೆರಳಚ್ಚನ್ನು ಪರೀಕ್ಷಿಸಿ

ಬಿಟ್‌ಕಾಯಿನ್ ಬಳಸುವ ತಾಳೆಯ ಹೆಸರು ಎಸ್‌ಎಚ್‌ಎ-256. ಇಂಥ ಲೆಕ್ಕಾಚಾರದ ಫಲಿತಾಂಶಕ್ಕೆ ಹ್ಯಾಶ್ ಎನ್ನುತ್ತಾರೆ. ಅಂತರ್ಜಾಲದಲ್ಲಿ ಇದನ್ನು ಲೆಕ್ಕ ಹಾಕಿಕೊಡುವ ಉಚಿತ ಪುಟಗಳು ಬೇಕಾದಷ್ಟಿವೆ. ಒಂದನ್ನು ತೆರೆದು ನಿಮ್ಮ ಹೆಸರನ್ನು ಟೈಪ್ ಮಾಡಿ. 64 ಚಿಹ್ನೆಗಳ ಒಂದು ಸಾಲು ಬರುತ್ತದೆ, ಅದರಲ್ಲಿ ಅಂಕಿಗಳೂ ಇಂಗ್ಲಿಷಿನ ಮೊದಲ ಆರು ಅಕ್ಷರಗಳೂ ಬೆರೆತಿರುತ್ತವೆ. ಈಗ ಹೆಸರಿನ ಕೊನೆಯಲ್ಲಿ ಒಂದೇ ಒಂದು ಚುಕ್ಕೆ ಸೇರಿಸಿ. ಇಡೀ ಸಾಲು ಗುರುತು ಸಿಗದಂತೆ ಬದಲಾಗುತ್ತದೆ. ದೊಡ್ಡ ಕರಾರುಪತ್ರವೊಂದನ್ನು ಪೂರ್ತಿ ಅಂಟಿಸಿ, ಆಗಲೂ 64 ಚಿಹ್ನೆಗಳೇ.

ಇಲ್ಲಿ ಮೂರು ಗುಣಗಳನ್ನು ಗಮನಿಸಿ. ಒಂದೇ ಬರಹಕ್ಕೆ ಯಾವಾಗಲೂ ಒಂದೇ ಹ್ಯಾಶ್. ಹ್ಯಾಶ್ ನೋಡಿ ಮೂಲ ಬರಹವನ್ನು ಹಿಂದಕ್ಕೆ ಲೆಕ್ಕ ಹಾಕಲು ಯಾರಿಗೂ ದಾರಿ ತಿಳಿದಿಲ್ಲ. ಒಂದೇ ಹ್ಯಾಶ್ ಬರುವಂತೆ ಎರಡು ಬೇರೆ ಬರಹಗಳನ್ನು ಹೊಂದಿಸುವುದೂ ಈವರೆಗೆ ಯಾರಿಗೂ ಸಾಧ್ಯವಾಗಿಲ್ಲ. ನಮ್ಮ ಜಾಣ ಕಳ್ಳನ ಆಟ ಮುಗಿಯುವುದು ಇಲ್ಲಿ.

ಈ ಉಪಾಯ ಬಿಟ್‌ಕಾಯಿನ್‌ಗಿಂತ ಹಳೆಯದು. ಸ್ಟುವರ್ಟ್ ಹೇಬರ್ ಮತ್ತು ಸ್ಕಾಟ್ ಸ್ಟಾರ್ನೆಟ್ಟಾ ಎಂಬ ಸಂಶೋಧಕರು 1991ರಲ್ಲೇ ದಾಖಲೆಗಳ ಹ್ಯಾಶ್‌ಗಳನ್ನು ಒಂದಕ್ಕೊಂದು ಪೋಣಿಸಿ, ದಾಖಲೆ ಯಾವಾಗ ಸಿದ್ಧವಾಯಿತು ಎಂಬುದಕ್ಕೆ ಪುರಾವೆ ಒದಗಿಸುವ ವಿಧಾನವನ್ನು ವಿವರಿಸಿದ್ದರು. ಮುಂದೆ ಅವರ ಸಂಸ್ಥೆ ವಾರಕ್ಕೊಂದು ಹ್ಯಾಶ್ ಅನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಸಣ್ಣ ಜಾಹೀರಾತಾಗಿ ಅಚ್ಚು ಹಾಕಿಸುತ್ತಿತ್ತು. ಜಗತ್ತಿನ ಗ್ರಂಥಾಲಯಗಳಲ್ಲಿ ಹರಡಿರುವ ಪತ್ರಿಕೆಯ ಪ್ರತಿಗಳನ್ನೆಲ್ಲ ಯಾರು ತಾನೇ ತಿದ್ದಲು ಸಾಧ್ಯ? ದಾಖಲೆಗಳೊಂದಿಗೆ ಬದುಕುವ ವಕೀಲರಿಗೆ, ಲೆಕ್ಕಪರಿಶೋಧಕರಿಗೆ ನಾನು ಈ ಉದಾಹರಣೆಯನ್ನೇ ಮೊದಲು ಹೇಳುವುದು.

ಹೆಜ್ಜೆ 4: ಮುಂದಿನ ಪುಟ ಬರೆಯುವ ಹಕ್ಕು ಯಾರಿಗೆ?

ನಾಲ್ಕು ಜನರ ಮೇಜಿನಲ್ಲಿ ಈ ಪ್ರಶ್ನೆ ಏಳುವುದಿಲ್ಲ. ಸಾವಿರಾರು ಕಂಪ್ಯೂಟರ್‌ಗಳಿದ್ದು, ಯಾರು ಯಾರೆಂದು ಗೊತ್ತಿಲ್ಲದಿದ್ದಾಗ ಏಳುತ್ತದೆ. ಮತ ಹಾಕಿಸೋಣ ಎಂದರೆ ಒಬ್ಬನೇ ಸಾವಿರ ಸುಳ್ಳು ಹೆಸರುಗಳಲ್ಲಿ ಬರಬಹುದು. ಬಿಟ್‌ಕಾಯಿನ್ ಇದಕ್ಕೆ ಕಂಡುಕೊಂಡ ದಾರಿ ಎಂದರೆ, ಪುಟ ಬರೆಯುವ ಹಕ್ಕನ್ನು ದುಡಿದು ಗಳಿಸಬೇಕು.

ಎರಡು ದಾಳಗಳನ್ನು ತೆಗೆದುಕೊಂಡು ಎರಡೂ ಆರು ಬೀಳುವವರೆಗೆ ಉರುಳಿಸಿ. ಸರಾಸರಿ 36 ಸಲ ಉರುಳಿಸಬೇಕಾಗುತ್ತದೆ. ಮೂರು ದಾಳಗಳಾದರೆ 216 ಸಲ. ಗೆಲ್ಲಲು ಜಾಣತನ ಬೇಕಿಲ್ಲ, ಬೇಕಾದದ್ದು ಪ್ರಯತ್ನದ ಎಣಿಕೆ ಮಾತ್ರ. ಮೈನರ್‌ಗಳು, ಅಂದರೆ ಗಣಿಗಾರರು ಮಾಡುವುದೂ ಇದನ್ನೇ. ಪುಟದ ಕೊನೆಗೆ ಬೇರೆ ಬೇರೆ ಸಂಖ್ಯೆ ಸೇರಿಸುತ್ತಾ, ಹ್ಯಾಶ್‌ನ ಆರಂಭದಲ್ಲಿ ಬೇಕಾದಷ್ಟು ಸೊನ್ನೆಗಳು ಬರುವವರೆಗೆ ಪ್ರಯತ್ನಿಸುತ್ತಾರೆ. ದಾಳಕ್ಕೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ‘ನನಗೆ ಎರಡು ಆರು ಬಿತ್ತು’ ಎಂಬ ಮಾತನ್ನು ನಂಬಬೇಕಾಗುತ್ತದೆ, ಆದರೆ ಗಣಿಗಾರನು ಕಂಡುಕೊಂಡ ಸಂಖ್ಯೆಯನ್ನು ಯಾರು ಬೇಕಾದರೂ ಒಂದೇ ಒಂದು ಲೆಕ್ಕದಲ್ಲಿ ಪರಿಶೀಲಿಸಬಹುದು. ಹುಡುಕುವುದು ಕಷ್ಟ, ತಾಳೆ ನೋಡುವುದು ಸುಲಭ.

ಸರಾಸರಿ ಹತ್ತು ನಿಮಿಷಕ್ಕೊಂದು ಬ್ಲಾಕ್ ಬರುವಂತೆ ಈ ಕಷ್ಟದ ಮಟ್ಟವನ್ನು ಪ್ರತಿ 2016 ಬ್ಲಾಕ್‌ಗಳಿಗೊಮ್ಮೆ, ಅಂದರೆ ಸುಮಾರು ಎರಡು ವಾರಕ್ಕೊಮ್ಮೆ ವ್ಯವಸ್ಥೆಯೇ ಹೊಂದಿಸಿಕೊಳ್ಳುತ್ತದೆ. ಹಳೆಯ ಪುಟವನ್ನು ತಿದ್ದಬೇಕೆಂದವನು ಅಲ್ಲಿಂದ ಇಲ್ಲಿಯವರೆಗಿನ ಎಲ್ಲ ದುಡಿಮೆಯನ್ನೂ ಮತ್ತೆ ಮಾಡಿ, ಮುಂದೆ ಓಡುತ್ತಲೇ ಇರುವ ಉಳಿದವರನ್ನು ಹಿಂದಿಕ್ಕಬೇಕು. ಅದಕ್ಕೆ ಒಟ್ಟು ಶಕ್ತಿಯ ಅರ್ಧಕ್ಕಿಂತ ಹೆಚ್ಚು ಅವನ ಕೈಯಲ್ಲಿರಬೇಕು. ಸಣ್ಣ ಜಾಲಗಳಲ್ಲಿ ಇದು ನಡೆದೂ ಇದೆ, ಇಥೀರಿಯಮ್ ಕ್ಲಾಸಿಕ್ ಎಂಬ ಜಾಲ 2019ರಲ್ಲೂ 2020ರಲ್ಲೂ ಇಂಥ ದಾಳಿಗೆ ತುತ್ತಾಯಿತು. ಆದ್ದರಿಂದ ‘ಬ್ಲಾಕ್‌ಚೈನ್ ಆದ್ದರಿಂದ ಸುರಕ್ಷಿತ’ ಎಂಬ ಮಾತನ್ನು ಒಪ್ಪಬೇಡಿ. ಯಾವ ಬ್ಲಾಕ್‌ಚೈನ್, ಅದನ್ನು ಎಷ್ಟು ಜನ ಕಾಯುತ್ತಿದ್ದಾರೆ ಎಂದು ಕೇಳಿ.

ಇದಕ್ಕೆ ತಗಲುವ ವಿದ್ಯುತ್ತಿನ ಬಗ್ಗೆ ಎದ್ದಿರುವ ಆಕ್ಷೇಪ ನ್ಯಾಯವಾದದ್ದು. ಇಥೀರಿಯಮ್ ಎಂಬ ಇನ್ನೊಂದು ದೊಡ್ಡ ಬ್ಲಾಕ್‌ಚೈನ್ (ಅದರ ಪರಿಚಯ ಒಂಬತ್ತನೆಯ ಹೆಜ್ಜೆಯಲ್ಲಿದೆ) 2022ರ ಸೆಪ್ಟೆಂಬರ್ 15ರಂದು ಬೇರೆ ವಿಧಾನಕ್ಕೆ ಬದಲಾಯಿತು. ಅಲ್ಲಿ ಪುಟ ಬರೆಯುವವರು ಕನಿಷ್ಠ 32 ಈಥರ್ ನಾಣ್ಯಗಳನ್ನು ಒತ್ತೆ ಇಡಬೇಕು, ಮೋಸ ಮಾಡಿದರೆ ಒತ್ತೆಯಲ್ಲಿ ಕಡಿತವಾಗುತ್ತದೆ. ಈ ಬದಲಾವಣೆಯಿಂದ ಅದರ ವಿದ್ಯುತ್ ಬಳಕೆ ಶೇ 99ಕ್ಕಿಂತ ಹೆಚ್ಚು ಇಳಿಯಿತು. ಒತ್ತೆ ಪದ್ಧತಿಯಲ್ಲಿ ಹೆಚ್ಚು ನಾಣ್ಯ ಉಳ್ಳವರಿಗೆ ಹೆಚ್ಚು ಪಾಲು ಸಿಗುತ್ತದೆ ಎಂಬ ಟೀಕೆಯನ್ನೂ ತಿಳಿದಿರಿ. ಎರಡರಲ್ಲಿ ಯಾವುದು ಮೇಲು ಎಂಬ ವಾದ ಮುಗಿದಿಲ್ಲ.

ಹೆಜ್ಜೆ 5: ನಾಣ್ಯ ಎಲ್ಲಿಂದ ಬರುತ್ತದೆ ಎಂದು ನೀವೇ ಲೆಕ್ಕ ಹಾಕಿ

ಪುಟ ಬರೆದ ಗಣಿಗಾರನಿಗೆ ಸಿಗುವ ಬಹುಮಾನವೇ ಹೊಸ ಬಿಟ್‌ಕಾಯಿನ್. ಮೊದಲ 2,10,000 ಬ್ಲಾಕ್‌ಗಳಿಗೆ ತಲಾ 50 ನಾಣ್ಯ, ನಂತರದ 2,10,000ಕ್ಕೆ 25, ಆಮೇಲೆ 12.5, ಹೀಗೆ ಅರ್ಧಕ್ಕಿಳಿಯುತ್ತಾ ಹೋಗುತ್ತದೆ. ನಾಲ್ಕನೆಯ ಇಳಿಕೆ 2024ರ ಏಪ್ರಿಲ್‌ನಲ್ಲಿ ನಡೆದು ಬಹುಮಾನ 3.125ಕ್ಕೆ ಬಂತು. ಕ್ಯಾಲ್ಕುಲೇಟರ್ ಹಿಡಿಯಿರಿ: 2,10,000 ಗುಣಿಸು 50 ಎಂದರೆ 1.05 ಕೋಟಿ. ಮುಂದಿನ ಹಂತ ಅದರ ಅರ್ಧ, ಅದರ ಮುಂದಿನದು ಕಾಲುಭಾಗ. ಎಲ್ಲ ಕೂಡಿದರೆ ಒಟ್ಟು 2.1 ಕೋಟಿಯನ್ನು ಮೀರುವುದಿಲ್ಲ. ಎಲ್ಲರೂ ಹೇಳುವ ಆ ಮಿತಿಯನ್ನು ಈಗ ನೀವು ಯಾರ ಮಾತನ್ನೂ ನಂಬದೆ ಪಡೆದಿರಿ. ಒಂದು ಬಿಟ್‌ಕಾಯಿನ್ ಅನ್ನು ಹತ್ತು ಕೋಟಿ ಭಾಗ ಮಾಡಬಹುದು, ಆ ಸಣ್ಣ ಭಾಗದ ಹೆಸರು ಸತೋಷಿ.

ಮಿತಿ ಇದೆ ಎಂದ ಮಾತ್ರಕ್ಕೆ ಬೆಲೆ ಏರುತ್ತದೆ ಎಂದಲ್ಲ. ಪೂರೈಕೆಯ ಲೆಕ್ಕ ಪುಸ್ತಕದಲ್ಲಿದೆ, ಬೇಡಿಕೆಯ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ.

ಹೆಜ್ಜೆ 6: ಕೀಲಿ, ವಿಳಾಸ, ವಾಲೆಟ್

ಹೊಸಬರು ಅತಿ ಹೆಚ್ಚು ಎಡವುವುದು ಇಲ್ಲಿ. ವಾಲೆಟ್ ಎಂಬ ಹೆಸರು ಕೇಳಿ ಅದರೊಳಗೆ ನಾಣ್ಯಗಳಿವೆ ಎಂದುಕೊಳ್ಳುತ್ತಾರೆ. ನಾಣ್ಯಗಳು ಇರುವುದು ಲೆಕ್ಕದ ಪುಸ್ತಕದಲ್ಲಿ ಮಾತ್ರ. ವಾಲೆಟ್‌ನಲ್ಲಿರುವುದು ಕೀಲಿ.

ಖಾಸಗಿ ಕೀಲಿ ಎಂದರೆ ಊಹಿಸಲಾಗದಷ್ಟು ದೊಡ್ಡದೊಂದು ಸಂಖ್ಯೆ. ಅದರಿಂದ ಸಾರ್ವಜನಿಕ ಕೀಲಿಯೂ, ಅದರಿಂದ ವಿಳಾಸವೂ ಹುಟ್ಟುತ್ತವೆ. ಈ ದಾರಿಯಲ್ಲಿ ಮುಂದಕ್ಕೆ ಹೋಗುವುದು ಸುಲಭ, ವಿಳಾಸದಿಂದ ಖಾಸಗಿ ಕೀಲಿಗೆ ಮರಳಲು ಆಗದು. ವಿಳಾಸವನ್ನು ಯಾರಿಗೆ ಬೇಕಾದರೂ ಕೊಡಬಹುದು. ಹಣ ಕಳುಹಿಸುವಾಗ ಖಾಸಗಿ ಕೀಲಿಯಿಂದ ಆ ವಹಿವಾಟಿಗೆ ಸಹಿ ಹಾಕುತ್ತೀರಿ. ಕೀಲಿಯನ್ನು ನೋಡದೆಯೇ ಸಹಿ ನಿಮ್ಮದೇ ಎಂದು ಜಗತ್ತು ಪರಿಶೀಲಿಸಬಲ್ಲದು. ಕೈಬರಹದ ಸಹಿಯನ್ನು ಒಂದು ಕಾಗದದಿಂದ ಇನ್ನೊಂದಕ್ಕೆ ನಕಲು ಮಾಡಬಹುದು. ಈ ಸಹಿ ಆ ಒಂದು ವಹಿವಾಟಿಗೇ ಹೆಣೆದುಕೊಂಡಿರುತ್ತದೆ, ಬೇರೆಡೆ ಅಂಟಿಸಿದರೆ ತಾಳೆಯಾಗುವುದಿಲ್ಲ.

ಅಷ್ಟು ದೊಡ್ಡ ಸಂಖ್ಯೆಯನ್ನು ತಪ್ಪಿಲ್ಲದೆ ಬರೆದಿಡುವುದು ಕಷ್ಟವೆಂದು ಹೆಚ್ಚಿನ ವಾಲೆಟ್‌ಗಳು ಅದನ್ನು 12 ಅಥವಾ 24 ಸರಳ ಪದಗಳಾಗಿ ಕೊಡುತ್ತವೆ. ಇವನ್ನು ಸೀಡ್ ಪದಗಳು ಎನ್ನುತ್ತಾರೆ. 2048 ಪದಗಳ ನಿಗದಿತ ಪಟ್ಟಿಯಿಂದ ಅವು ಬರುತ್ತವೆ, ಪದಗಳ ಕ್ರಮವೂ ಮುಖ್ಯ. ಈ ಪದಗಳು ಯಾರ ಕೈಗೆ ಸಿಕ್ಕಿದರೂ ಹಣ ಅವರದು. ಕಳೆದುಹೋದರೆ ದೂರು ಕೊಡಲು ಯಾವ ಕೌಂಟರ್ ಕೂಡ ಇಲ್ಲ. ಮೊದಲ ಪುಟದ ಪ್ರಶ್ನೆಗೆ ಇಲ್ಲಿ ಸಿಗುವ ಉತ್ತರ ಭಾರವಾದದ್ದು: ನಾನು ನಂಬುತ್ತಿರುವುದು ನನ್ನನ್ನೇ. ನನ್ನ ಶಿಸ್ತನ್ನು, ನನ್ನ ಮರೆವನ್ನು, ನಾನಿಲ್ಲದ ದಿನ ಮನೆಯವರಿಗೆ ದಾರಿ ತೋರಿಸುವ ನನ್ನ ಏರ್ಪಾಡನ್ನು.

ಹೆಜ್ಜೆ 7: ತೆರೆದ ಪುಸ್ತಕವನ್ನು ಓದಿ

ಬ್ಲಾಕ್ ಎಕ್ಸ್‌ಪ್ಲೋರರ್ ಎಂಬ ಉಚಿತ ತಾಣಗಳಿವೆ. ಬಿಟ್‌ಕಾಯಿನ್‌ಗೆ ಮೆಂಪೂಲ್ ಸ್ಪೇಸ್, ಇಥೀರಿಯಮ್‌ಗೆ ಈಥರ್‌ಸ್ಕ್ಯಾನ್ ಹೆಚ್ಚು ಬಳಕೆಯಲ್ಲಿವೆ. ಖಾತೆ ತೆರೆಯುವ ಅಗತ್ಯವಿಲ್ಲ.

ಮೊದಲು 0 ಸಂಖ್ಯೆಯ ಬ್ಲಾಕ್ ಹುಡುಕಿ. ದಿನಾಂಕ 2009ರ ಜನವರಿ 3. ಅದರೊಳಗೆ ಲಂಡನ್ನಿನ ಟೈಮ್ಸ್ ಪತ್ರಿಕೆಯ ಅಂದಿನ ತಲೆಬರಹವನ್ನು ಅಡಕಗೊಳಿಸಲಾಗಿದೆ. ಬ್ಯಾಂಕುಗಳಿಗೆ ಎರಡನೆಯ ಸಲ ಸರ್ಕಾರಿ ನೆರವು ನೀಡುವ ಕುರಿತ ಸುದ್ದಿ ಅದು. ಆ ದಿನಾಂಕಕ್ಕಿಂತ ಮೊದಲು ಈ ಬ್ಲಾಕ್ ಸಿದ್ಧವಾಗಿರಲಾರದು ಎಂಬುದಕ್ಕೆ ಅದೇ ಪುರಾವೆ.

ಮುಂದೆ 170ನೆಯ ಬ್ಲಾಕ್. ಅದೇ ಜನವರಿ 12ರಂದು ಸತೋಷಿ ನಕಮೊಟೊ, ಹಾಲ್ ಫಿನ್ನಿ ಎಂಬ ಗೂಢಲಿಪಿ ತಜ್ಞರಿಗೆ 10 ಬಿಟ್‌ಕಾಯಿನ್ ಕಳುಹಿಸಿದ ವಹಿವಾಟು ಇದರಲ್ಲಿದೆ. ಗಮನವಿಟ್ಟು ನೋಡಿ: ಒಳಬಂದದ್ದು 50, ಹೊರಹೋದದ್ದು 10 ಮತ್ತು 40. ಆ 40 ಮರಳಿ ಕಳುಹಿಸಿದವರಿಗೇ ಸೇರಿದೆ. ದೊಡ್ಡ ನೋಟು ಕೊಟ್ಟು ಚಿಲ್ಲರೆ ವಾಪಸು ಪಡೆದಂತೆ. ಬಿಟ್‌ಕಾಯಿನ್‌ನಲ್ಲಿ ಖಾತೆಯ ಶಿಲ್ಕು ಎಂಬ ಸಾಲು ಎಲ್ಲೂ ಇಲ್ಲ, ಖರ್ಚಾಗದೆ ಉಳಿದ ನೋಟುಗಳ ಮೊತ್ತವೇ ಶಿಲ್ಕು. ಇದನ್ನು ಒಮ್ಮೆ ಕಣ್ಣಾರೆ ಕಂಡ ಲೆಕ್ಕಿಗರಿಗೆ ಇಡೀ ರಚನೆ ಥಟ್ಟನೆ ಹೊಳೆಯುತ್ತದೆ.

ಈಗ ಇಂದಿನ ಯಾವುದಾದರೂ ಬ್ಲಾಕ್‌ಗೆ ಬನ್ನಿ. ಒಂದು ವಹಿವಾಟು ಆರಿಸಿ ಒಳಬಂದ ಮೊತ್ತ, ಹೊರಹೋದ ಮೊತ್ತಗಳನ್ನು ಬರೆದುಕೊಳ್ಳಿ. ಹೊರಹೋದದ್ದು ತುಸು ಕಡಿಮೆ ಇರುತ್ತದೆ. ಆ ವ್ಯತ್ಯಾಸವೇ ಗಣಿಗಾರನಿಗೆ ಸಂದ ಶುಲ್ಕ. ಆ ಬ್ಲಾಕ್‌ನ ಮೇಲೆ ಎಷ್ಟು ಬ್ಲಾಕ್‌ಗಳು ಪೇರಿಕೊಂಡಿವೆ ಎಂಬುದನ್ನೂ ನೋಡಿ. ವಹಿವಾಟಿರುವ ಬ್ಲಾಕ್ ಸೇರಿ ಅದರ ಮೇಲಿನ ಪ್ರತಿ ಬ್ಲಾಕ್ ಕೂಡ ಒಂದು ದೃಢೀಕರಣ. ಆರು ದೃಢೀಕರಣಗಳಾದರೆ ಸಾಕು ಎಂಬುದು ಬಿಟ್‌ಕಾಯಿನ್ ಬಳಕೆದಾರರ ಹಳೆಯ ರೂಢಿ. ಕೊನೆಗೆ ಒಂದು ವಿಳಾಸವನ್ನು ಒತ್ತಿ ಅದರ ಚರಿತ್ರೆಯನ್ನೆಲ್ಲ ನೋಡಿ. ಹೆಸರು ಕಾಣುವುದಿಲ್ಲ, ಉಳಿದದ್ದೆಲ್ಲ ಕಾಣುತ್ತದೆ. ಕ್ರಿಪ್ಟೊಕರೆನ್ಸಿ ಗುಪ್ತ ಹಣ ಎಂಬ ನಂಬಿಕೆ ಅಲ್ಲೇ ಸಡಿಲವಾಗುತ್ತದೆ. ವಿಳಾಸಕ್ಕೂ ವ್ಯಕ್ತಿಗೂ ಒಮ್ಮೆ ನಂಟು ಸಿಕ್ಕಿದರೆ ಹಿಂದಿನದೆಲ್ಲವೂ ತೆರೆದುಕೊಳ್ಳುತ್ತದೆ.

ಹೆಜ್ಜೆ 8: ಬೆಲೆಯಿಲ್ಲದ ನಾಣ್ಯದಿಂದ ಅಭ್ಯಾಸ

ಇಥೀರಿಯಮ್‌ಗೆ ಸೆಪೋಲಿಯಾ ಎಂಬ ಪರೀಕ್ಷಾ ಜಾಲವಿದೆ. ಅಲ್ಲಿನ ನಾಣ್ಯಗಳಿಗೆ ಬೆಲೆಯಿಲ್ಲ, ಉಳಿದದ್ದೆಲ್ಲ ನಿಜವಾದ ಜಾಲದಂತೆಯೇ. ಮೆಟಾಮಾಸ್ಕ್‌ನಂಥ ವಾಲೆಟ್ ಅನ್ನು ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. ಹುಡುಕಾಟದಲ್ಲಿ ಮೇಲೆ ಬರುವ ಜಾಹೀರಾತಿನ ಕೊಂಡಿಯನ್ನು ಒತ್ತಬೇಡಿ, ನಕಲಿ ತಾಣಗಳು ಕಾದು ಕುಳಿತಿರುವುದು ಅಲ್ಲೇ. ಸೀಡ್ ಪದಗಳನ್ನು ಕಾಗದದಲ್ಲಿ ಬರೆಯಿರಿ. ಫೋಟೊ ತೆಗೆಯಬೇಡಿ, ಮೊಬೈಲ್‌ನ ಟಿಪ್ಪಣಿಯಲ್ಲಿ ಇಡಬೇಡಿ, ಇಮೇಲ್ ಮಾಡಿಕೊಳ್ಳಬೇಡಿ. ಪರೀಕ್ಷಾ ನಾಣ್ಯ ಹಂಚುವ ತಾಣಗಳಿಗೆ ಫಾಸೆಟ್ ಎನ್ನುತ್ತಾರೆ. ಅಲ್ಲಿ ನಿಮ್ಮ ವಿಳಾಸ ಕೊಟ್ಟು ಸ್ವಲ್ಪ ಪಡೆಯಿರಿ. ಹಣ ಅಥವಾ ಸೀಡ್ ಪದಗಳನ್ನು ಕೇಳುವ ತಾಣದಿಂದ ಆ ಕ್ಷಣವೇ ಹೊರಬನ್ನಿ. ಇನ್ನೊಂದು ವಿಳಾಸ ಮಾಡಿಕೊಂಡು ಅಲ್ಲಿಗೆ ಕಳುಹಿಸಿ, ಎಕ್ಸ್‌ಪ್ಲೋರರ್‌ನಲ್ಲಿ ಆ ವಹಿವಾಟನ್ನು ಹುಡುಕಿ ಓದಿ.

ಇಷ್ಟನ್ನು ಎಲ್ಲರೂ ಮಾಡುತ್ತಾರೆ. ನಿಜವಾದ ಪರೀಕ್ಷೆ ಮುಂದಿನದು. ವಾಲೆಟ್ ಅನ್ನು ಸಾಧನದಿಂದ ಪೂರ್ತಿ ಅಳಿಸಿಹಾಕಿ, ಕಾಗದದಲ್ಲಿರುವ ಪದಗಳಿಂದ ಮರಳಿ ಪಡೆಯಿರಿ. ನಾನು ಮೊದಲ ಸಲ ಇದನ್ನು ಮಾಡಿದಾಗ ವಾಲೆಟ್ ಮರಳಲಿಲ್ಲ. ಅವಸರದಲ್ಲಿ ಎರಡು ಪದಗಳನ್ನು ಅದಲುಬದಲಾಗಿ ಬರೆದಿದ್ದೆ. ಅಂದು ಹೋದದ್ದು ಬೆಲೆಯಿಲ್ಲದ ನಾಣ್ಯ, ಆದರೂ ಆ ಸಂಜೆಯ ತಳಮಳ ನನಗೆ ಇನ್ನೂ ನೆನಪಿದೆ. ಅಳಿಸಿ ಮರಳಿ ಪಡೆಯುವ ಈ ಅಭ್ಯಾಸವನ್ನು ಎರಡು ಸಲ ತಪ್ಪಿಲ್ಲದೆ ಮಾಡುವವರೆಗೆ ನಿಜವಾದ ಹಣದ ಮಾತೇ ಬೇಡ ಎಂದು ನಾನು ಎಲ್ಲರಿಗೂ ಒತ್ತಿ ಹೇಳುವುದು ಆ ಕಾರಣಕ್ಕೆ.

ಹೆಜ್ಜೆ 9: ಸ್ಮಾರ್ಟ್ ಕಾಂಟ್ರಾಕ್ಟ್ ಮತ್ತು ಟೋಕನ್

2015ರ ಜುಲೈ 30ರಂದು ಆರಂಭವಾದ ಇಥೀರಿಯಮ್, ಲೆಕ್ಕದ ಪುಸ್ತಕದಲ್ಲಿ ಮೊತ್ತಗಳ ಜೊತೆಗೆ ನಿಯಮಗಳನ್ನೂ ಬರೆದಿಡಲು ಅವಕಾಶ ಕೊಟ್ಟಿತು. ‘ಇಂಥ ದಿನಾಂಕದೊಳಗೆ ಇಷ್ಟು ಮೊತ್ತ ಸೇರದಿದ್ದರೆ ಎಲ್ಲರಿಗೂ ಹಿಂತಿರುಗಿಸು’ ಎಂಬ ನಿಯಮವನ್ನು ಬರೆದರೆ ಜಾಲದ ಕಂಪ್ಯೂಟರ್‌ಗಳೇ ಅದನ್ನು ನಡೆಸುತ್ತವೆ. ಇದೇ ಸ್ಮಾರ್ಟ್ ಕಾಂಟ್ರಾಕ್ಟ್. ಅದನ್ನು ನಡೆಸಲು ತೆರುವ ಶುಲ್ಕಕ್ಕೆ ಗ್ಯಾಸ್ ಎಂದು ಹೆಸರು. ಹೆಸರಿನಲ್ಲಿ ಒಪ್ಪಂದ ಇದ್ದರೂ ನ್ಯಾಯಾಲಯದ ಅರ್ಥದ ಒಪ್ಪಂದ ಅದಲ್ಲ. ಉದ್ದೇಶ ಏನಿತ್ತು ಎಂದು ಅದು ಕೇಳುವುದಿಲ್ಲ, ಬರೆದದ್ದನ್ನು ನಡೆಸುತ್ತದೆ.

ಇದರ ಪರಿಣಾಮ 2016ರ ಜೂನ್‌ನಲ್ಲಿ ಕಂಡಿತು. ದಿ ಡಿಎಒ ಎಂಬ ಸಾಮೂಹಿಕ ಹೂಡಿಕೆ ನಿಧಿಯ ಕೋಡ್‌ನಲ್ಲಿದ್ದ ದೋಷವನ್ನು ಬಳಸಿ ಒಬ್ಬರು ಸುಮಾರು 36 ಲಕ್ಷ ಈಥರ್ ಅನ್ನು ಹೊರಗೆಳೆದರು. ಕೋಡ್‌ನಲ್ಲಿ ಬರೆದಂತೆಯೇ ನಡೆದಿದೆ, ಬಿಟ್ಟುಬಿಡಬೇಕೇ? ಕಳ್ಳತನವೆಂದು ಹಿಂಪಡೆಯಬೇಕೇ? ಸಮುದಾಯ ಇಬ್ಭಾಗವಾಯಿತು. ಜುಲೈ 20ರಂದು ಬಹುಪಾಲು ಜನ ಹಣವನ್ನು ಹಿಂಪಡೆಯುವ ಹೊಸ ಕವಲನ್ನು ಒಪ್ಪಿಕೊಂಡರು, ಅದೇ ಇಂದಿನ ಇಥೀರಿಯಮ್. ಒಪ್ಪದವರು ಹಳೆಯ ಪುಸ್ತಕವನ್ನೇ ಮುಂದುವರಿಸಿದರು, ಅದು ಇಥೀರಿಯಮ್ ಕ್ಲಾಸಿಕ್. ಯಂತ್ರವೇ ತೀರ್ಪು ಕೊಡುತ್ತದೆ ಎನ್ನುವವರಿಗೆ ಈ ಘಟನೆಯನ್ನು ನೆನಪಿಸಿ. ಕೊನೆಯ ಮಾತು ಇಲ್ಲೂ ಮನುಷ್ಯರದ್ದೇ ಆಯಿತು.

ಟೋಕನ್ (ಕಾಂಟ್ರಾಕ್ಟ್‌ನಲ್ಲಿ ಎಣಿಸುವ ನಾಣ್ಯ), ಎನ್‌ಎಫ್‌ಟಿ (ಇನ್ನೊಂದಕ್ಕೆ ಸಮವಲ್ಲದ ಬಿಡಿ ಟೋಕನ್), ಡಿಫೈ (ಬ್ಯಾಂಕಿಲ್ಲದೆ ನಡೆಯುವ ಸಾಲ, ವಿನಿಮಯ) ಮೊದಲಾದ ಹೆಸರುಗಳಿಗೆ ಈ ಹಂತದಲ್ಲಿ ಹೆಚ್ಚು ಸಮಯ ಕೊಡಬೇಕಿಲ್ಲ. ಎಲ್ಲವೂ ಸ್ಮಾರ್ಟ್ ಕಾಂಟ್ರಾಕ್ಟ್‌ನಲ್ಲಿ ಬರೆದ ಉಪಲೆಕ್ಕಗಳೇ. ಕಾಂಟ್ರಾಕ್ಟ್‌ನ ನಿಯಮ ಬದಲಿಸುವ ಕೀಲಿ ಯಾರ ಬಳಿ ಇದೆ ಎಂದು ಕೇಳಿದರೆ ಅರ್ಧ ವಿಷಯ ಹೊರಬರುತ್ತದೆ.

ಹೆಜ್ಜೆ 10: ನಂಬಿಕೆ ಹಿಂಬಾಗಿಲಿನಿಂದ ಮರಳುವ ಜಾಗಗಳು

ನಡುವಿನವರು ಬೇಡವೆಂದು ಹುಟ್ಟಿದ ವ್ಯವಸ್ಥೆಯ ಸುತ್ತ ಎಷ್ಟೊಂದು ನಡುವಿನವರು ಬೆಳೆದಿದ್ದಾರೆ ನೋಡಿ. ಎಕ್ಸ್‌ಚೇಂಜ್‌ನಲ್ಲಿ, ಅಂದರೆ ನಾಣ್ಯ ಕೊಳ್ಳುವ, ಮಾರುವ ತಾಣದಲ್ಲಿ ಖಾತೆ ತೆರೆದು ನಾಣ್ಯ ಕೊಂಡು ಅಲ್ಲೇ ಬಿಟ್ಟರೆ ಕೀಲಿ ಅವರ ಕೈಯಲ್ಲಿರುತ್ತದೆ. ನಿಮ್ಮ ಬಳಿ ಇರುವುದು ಅವರು ಕೊಡುತ್ತೇನೆಂದ ಮಾತು ಮಾತ್ರ. 2014ರಲ್ಲಿ ಮೌಂಟ್ ಗಾಕ್ಸ್ ಎಂಬ ಎಕ್ಸ್‌ಚೇಂಜ್ ದಿವಾಳಿಯಾದಾಗ ಸುಮಾರು 8.5 ಲಕ್ಷ ಬಿಟ್‌ಕಾಯಿನ್ ಕಾಣೆಯಾಗಿವೆ ಎಂದು ಘೋಷಿಸಿತು, ಆಮೇಲೆ ಸುಮಾರು 2 ಲಕ್ಷ ಪತ್ತೆಯಾದವು. 2022ರ ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ಎಂಬ ಇನ್ನೊಂದು ಎಕ್ಸ್‌ಚೇಂಜ್ ಕುಸಿಯಿತು. ಗ್ರಾಹಕರ ಹಣದ ದುರ್ಬಳಕೆಗಾಗಿ ಅದರ ಸ್ಥಾಪಕ ಸ್ಯಾಮ್ ಬ್ಯಾಂಕ್‌ಮನ್-ಫ್ರೈಡ್‌ಗೆ 2024ರಲ್ಲಿ 25 ವರ್ಷಗಳ ಸೆರೆಮನೆ ಶಿಕ್ಷೆಯಾಯಿತು. ಬೇಲಿಯೇ ಎದ್ದು ಹೊಲ ಮೇಯ್ದ ಈ ಪ್ರಕರಣದಲ್ಲಿ ಬ್ಲಾಕ್‌ಚೈನ್ ಕೆಟ್ಟಿರಲಿಲ್ಲ. ಕೆಟ್ಟದ್ದು ಅದರ ಹೊರಗೆ, ಯಾರಿಗೂ ಕಾಣದ ಒಳಲೆಕ್ಕದಲ್ಲಿ.

ಸ್ಟೇಬಲ್‌ಕಾಯಿನ್‌ಗಳು ಡಾಲರ್‌ನಂಥ ಹಣಕ್ಕೆ ಸಮನಾಗಿ ನಿಲ್ಲುವ ಭರವಸೆ ಕೊಡುತ್ತವೆ. ಭರವಸೆಯ ಹಿಂದೆ ಏನಿದೆ ಎಂಬುದೇ ಪ್ರಶ್ನೆ. ಟೆರಾಯುಎಸ್‌ಡಿ ನಾಣ್ಯವನ್ನು ಒಂದು ಸಹೋದರ ನಾಣ್ಯ ಹಾಗೂ ವಿನಿಮಯದ ಸೂತ್ರ ಹಿಡಿದು ನಿಲ್ಲಿಸಿದ್ದವು, 2022ರ ಮೇ ತಿಂಗಳಲ್ಲಿ ಕೆಲವೇ ದಿನಗಳಲ್ಲಿ ಎರಡೂ ನೆಲಕಚ್ಚಿದವು. ಯುಎಸ್‌ಡಿಸಿ ಹಿಂದೆ ನಿಜವಾದ ಠೇವಣಿಗಳಿದ್ದವು. ಆದರೂ 2023ರ ಮಾರ್ಚ್‌ನಲ್ಲಿ ಸಿಲಿಕಾನ್ ವ್ಯಾಲಿ ಬ್ಯಾಂಕ್ ಮುಳುಗಿದಾಗ ಠೇವಣಿಯ 330 ಕೋಟಿ ಡಾಲರ್ ಅಲ್ಲಿ ಸಿಕ್ಕಿಕೊಂಡು ನಾಣ್ಯದ ಬೆಲೆ ತಾತ್ಕಾಲಿಕವಾಗಿ 90 ಸೆಂಟ್‌ಗಿಂತ ಕೆಳಗಿಳಿಯಿತು, ಠೇವಣಿ ಸಿಗುವುದು ಖಚಿತವಾದ ಮೇಲೆ ಚೇತರಿಸಿಕೊಂಡಿತು.

ಇನ್ನು ನೇರ ವಂಚನೆ. 2014ರಲ್ಲಿ ಆರಂಭವಾದ ಒನ್‌ಕಾಯಿನ್ ಜಗತ್ತಿನಾದ್ಯಂತ ಜನರಿಂದ ಶತಕೋಟಿಗಟ್ಟಲೆ ಡಾಲರ್ ಸಂಗ್ರಹಿಸಿತು. ಅದಕ್ಕೆ ನಿಜವಾದ ಬ್ಲಾಕ್‌ಚೈನ್ ಇರಲೇ ಇಲ್ಲ. ಅದರ ಮುಖ್ಯಸ್ಥೆ ರುಜಾ ಇಗ್ನಾಟೋವಾ 2017ರಲ್ಲಿ ಕಣ್ಮರೆಯಾದರು. ಏಳನೆಯ ಹೆಜ್ಜೆ ಮುಗಿಸಿದ ಯಾರೇ ಆದರೂ ‘ನಿಮ್ಮ ಎಕ್ಸ್‌ಪ್ಲೋರರ್ ಎಲ್ಲಿದೆ, ನನ್ನ ನಾಣ್ಯಗಳನ್ನು ನಾನೇ ನೋಡುತ್ತೇನೆ’ ಎಂದು ಕೇಳಿದ್ದರೆ ಸುಳ್ಳು ಅಲ್ಲೇ ಬಯಲಾಗುತ್ತಿತ್ತು. ಖಚಿತ ಲಾಭದ ಮಾತು, ಇನ್ನಿಬ್ಬರನ್ನು ಕರೆತಂದರೆ ಪಾಲು ಎಂಬ ಆಮಿಷ, ಕಳೆದ ಹಣ ಮರಳಿಸುತ್ತೇವೆ ಎಂದು ತಾವಾಗಿ ಬರುವವರು, ನೆರವಿನ ನೆಪದಲ್ಲಿ ಸೀಡ್ ಪದ ಕೇಳುವವರು, ಇವರಿಂದ ದೂರವಿರಿ. ದೊಡ್ಡ ಮೊತ್ತ ಕಳುಹಿಸುವ ಮುನ್ನ ಸಣ್ಣದೊಂದನ್ನು ಕಳುಹಿಸಿ ನೋಡಿ, ವಿಳಾಸವನ್ನು ಪೂರ್ತಿಯಾಗಿ ತಾಳೆ ಮಾಡಿ. ಮೊದಲ, ಕೊನೆಯ ಕೆಲವು ಅಕ್ಷರಗಳಷ್ಟೇ ಹೋಲುವ ವಿಳಾಸ ಮಾಡಿ ಬಲೆ ಬೀಸುವವರಿದ್ದಾರೆ. ತೆರಿಗೆ ಮತ್ತು ಕಾನೂನು ದೇಶದಿಂದ ದೇಶಕ್ಕೆ ಬೇರೆ, ಅವು ಬದಲಾಗುತ್ತಲೂ ಇರುತ್ತವೆ. ನಿಮ್ಮ ದೇಶದ ಅಧಿಕೃತ ಪ್ರಕಟಣೆಯನ್ನೇ ಓದಿ.

ಹೆಜ್ಜೆ 11: ನಿಮ್ಮ ಕಚೇರಿಗೆ ಬಂದ ಪ್ರಸ್ತಾವವನ್ನು ಅಳೆಯಿರಿ

ಈಗ ಆ ಸಭೆಗೆ ಮರಳೋಣ. ‘ಇದನ್ನು ಬ್ಲಾಕ್‌ಚೈನ್‌ಗೆ ಹಾಕೋಣ’ ಎಂದವರನ್ನು ಕೇಳಿ: ಈ ಪುಸ್ತಕದಲ್ಲಿ ಬರೆಯುವವರು ಒಬ್ಬರೋ ಹಲವರೋ? ಹಲವರಾದರೆ ಅವರು ಒಬ್ಬರನ್ನೊಬ್ಬರು ನಂಬದವರೇ? ಎಲ್ಲರೂ ಒಪ್ಪುವ ಒಬ್ಬ ಮಧ್ಯಸ್ಥ ಸಿಗುವುದಿಲ್ಲವೇ? ಬರೆಯುವವರು ಒಬ್ಬರೇ ಆಗಿದ್ದರೆ ಸಾಮಾನ್ಯ ಡೇಟಾಬೇಸ್ ಅಗ್ಗ, ವೇಗ, ಸುಲಭ. ಗೋದಾಮಿನಲ್ಲಿ ಐವತ್ತು ಚೀಲ ಇದೆ ಎಂದು ಒಬ್ಬರು ಸುಳ್ಳು ಬರೆದರೆ ಬ್ಲಾಕ್‌ಚೈನ್ ಆ ಸುಳ್ಳನ್ನೂ ಅಷ್ಟೇ ನಿಷ್ಠೆಯಿಂದ ಕಾಪಾಡುತ್ತದೆ, ಚೀಲ ಎಣಿಸುವವರು ಯಾರು? ವೈಯಕ್ತಿಕ ಮಾಹಿತಿ ಇದ್ದರೆ, ಅಳಿಸುವ ಹಕ್ಕನ್ನು ಕಾನೂನು ಕೊಟ್ಟಿರುವ ಕಡೆ ಅಳಿಸಲಾಗದ ಪುಸ್ತಕ ಏನು ಮಾಡೀತು?

ದೊಡ್ಡವರೂ ಇಲ್ಲಿ ಎಡವಿದ್ದಾರೆ. ಹಡಗು ಸಾಗಣೆಯ ದಾಖಲೆಗಳಿಗಾಗಿ ಹಡಗು ಕಂಪನಿ ಮರ್ಸ್ಕ್ ಮತ್ತು ಐಬಿಎಂ 2018ರಲ್ಲಿ ತಂದ ಟ್ರೇಡ್‌ಲೆನ್ಸ್ ಎಂಬ ಬ್ಲಾಕ್‌ಚೈನ್ ವ್ಯವಸ್ಥೆಯನ್ನು ನಿಲ್ಲಿಸುವುದಾಗಿ 2022ರ ನವೆಂಬರ್‌ನಲ್ಲಿ ಪ್ರಕಟಿಸಿದವು. ಇಡೀ ಉದ್ಯಮದ ಸಹಕಾರ ಸಿಗಲಿಲ್ಲ ಎಂಬುದು ಅವು ಕೊಟ್ಟ ಕಾರಣ. ಅದೇ ತಿಂಗಳು ಆಸ್ಟ್ರೇಲಿಯಾದ ಷೇರು ವಿನಿಮಯ ಕೇಂದ್ರವೂ ವಹಿವಾಟುಗಳ ಇತ್ಯರ್ಥಕ್ಕಾಗಿ ವರ್ಷಗಳಿಂದ ಕಟ್ಟುತ್ತಿದ್ದ ಇಂಥ ವ್ಯವಸ್ಥೆಯನ್ನು ಕೈಬಿಟ್ಟು ಸುಮಾರು 25 ಕೋಟಿ ಆಸ್ಟ್ರೇಲಿಯನ್ ಡಾಲರ್ ನಷ್ಟ ಬರೆದುಕೊಂಡಿತು. ನನ್ನ ಅನಿಸಿಕೆಯಲ್ಲಿ ಇಂಥ ಯೋಜನೆಗಳಲ್ಲಿ ಕಷ್ಟವಾದ ಭಾಗ ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ಪೈಪೋಟಿಯಲ್ಲಿರುವವರನ್ನು ಒಂದೇ ಪುಸ್ತಕಕ್ಕೆ ಒಪ್ಪಿಸುವುದು. ಆ ಕೆಲಸದಲ್ಲಿ ನಿಮ್ಮಂಥ ವೃತ್ತಿಪರರ ಅನುಭವ ಕೋಡ್ ಬರೆಯುವವರ ಅನುಭವದಷ್ಟೇ ಬೇಕು.

ಕೊನೆಯ ಕೆಲಸ ಇದು. ನಿಮ್ಮ ಕಚೇರಿಯ ಯಾವುದಾದರೂ ಒಂದು ದಾಖಲೆ ಪದ್ಧತಿಯನ್ನು ಆರಿಸಿ, ಅದಕ್ಕೆ ಬ್ಲಾಕ್‌ಚೈನ್ ಬೇಕೇ ಬೇಡವೇ ಎಂದು ಒಂದು ಪುಟ ಬರೆಯಿರಿ. ‘ಬ್ಲಾಕ್‌ಚೈನ್’ ಎಂಬ ಪದವನ್ನು ಒಂದೇ ಸಲ ಬಳಸಬೇಕು, ಉಳಿದೆಡೆಯಲ್ಲೆಲ್ಲ ಪುಸ್ತಕ, ಪುಟ, ತಾಳೆ, ಕೀಲಿ, ಸಹಿ ಎಂಬ ಪದಗಳಲ್ಲೇ ಹೇಳಬೇಕು. ಅದನ್ನು ಈ ವಿಷಯ ತಿಳಿಯದ ಸಹೋದ್ಯೋಗಿಯೊಬ್ಬರಿಗೆ ಓದಿ ಹೇಳಿ. ಅವರು ನಿಮ್ಮನ್ನು ತಡೆದು ‘ಅಂದರೆ?’ ಎಂದು ಕೇಳಿದ ಪ್ರತಿ ಜಾಗಕ್ಕೂ ಗುರುತು ಹಾಕಿ, ಆ ಜಾಗ ಯಾವ ಹೆಜ್ಜೆಗೆ ಸೇರಿದ್ದೋ ಆ ಹೆಜ್ಜೆಯ ಕೆಲಸವನ್ನು ಇನ್ನೊಮ್ಮೆ ಮಾಡಿ.